ಮಗಳಿಗೊಂದು ಪತ್ರ: ನೀನಿರುವ ಊರಿನ ಫುಟ್‌ಬಾಲ್ ತಂಡ

ಪುಟ್ಟಿ,

ಸ್ವೀಡನ್ನಿನ ಉತ್ತರದಲ್ಲಿರುವ ಉಮಿಯೊದ ಚಳಿ, ಬರ್ಚ್ ಮರ, ವಿಶ್ವವಿದ್ಯಾಲಯ ಇವುಗಳ ಬಗ್ಗೆ ನಿನಗೆ ಎಲ್ಲರೂ ಹೇಳಿಯೇ ಕಳಿಸಿದ್ದಾರೆ. ನಾನು ಉಮಿಯೊ ಐಕೆ ಬಗ್ಗೆ ಹೇಳುತ್ತೇನೆ. 2002ರಿಂದ 2008ರ ಒಳಗೆ ಯುರೋಪಿನ ಮಹಿಳಾ ಕ್ಲಬ್ ಕಪ್ಪಿನ ಫೈನಲ್ ಐದು ಸಲ ಆಡಿದ ತಂಡ ಅದು. ಎರಡು ಸಲ ಗೆದ್ದಿತು.

ಕ್ಲಬ್ ಹುಟ್ಟಿದ್ದು 1917ರಲ್ಲಿ. ಮಹಿಳಾ ವಿಭಾಗ ಶುರುವಾದದ್ದು 1985ರಲ್ಲಿ, ಅಂದರೆ ಸ್ವೀಡನ್ನಿನ ಲೆಕ್ಕಕ್ಕೆ ತಡವಾಗಿ. ಅಲ್ಲಿ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ 1973ರಲ್ಲೇ ಆರಂಭವಾಗಿತ್ತು. ದೇಶಕ್ಕೆಲ್ಲ ಒಂದೇ ಲೀಗ್, ದಾಮ್‌ಆಲ್‌ಸ್ವೆನ್‌ಸ್ಕಾನ್, 1988ರಲ್ಲಿ ಬಂತು. ಆ ಎರಡಕ್ಕೂ ಮೊದಲ ಚಾಂಪಿಯನ್ ಪಶ್ಚಿಮದ ಓಕ್ಸಬೆಕ್ ಎಂಬ ಹಳ್ಳಿಯ ತಂಡ. ಆಮೇಲೆ ಮಾಲ್ಮೊ. ಬಲವೆಲ್ಲ ದಕ್ಷಿಣಾರ್ಧದಲ್ಲೇ ಇತ್ತು. ಉತ್ತರದ ಊರೊಂದು ಮುಂದೆ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಮಾಲ್ಮೊದಲ್ಲಿ ಒಂದು ಪಂದ್ಯ ಆಡಬೇಕೆಂದರೆ ಉಮಿಯೊದವರು ಒಂದು ದಿಕ್ಕಿಗೇ 1,200 ಕಿಲೋಮೀಟರಿಗಿಂತ ಹೆಚ್ಚು ಹೋಗಬೇಕು.

ಹಾಗಿದ್ದೂ 2000, 2001, 2002ರಲ್ಲಿ ಸತತ ಮೂರು ಸಲ ಲೀಗ್ ಗೆದ್ದರು. ಮುಂಚೂಣಿಯಲ್ಲಿ ಹನ್ನಾ ಯುಂಗ್‌ಬೆರ್ಗ್, ಅದೇ ಊರಲ್ಲಿ ಹುಟ್ಟಿದವಳು. 2002ರ ಲೀಗಿನಲ್ಲಿ ಆಕೆಯೊಬ್ಬಳೇ 39 ಗೋಲು ಹೊಡೆದಳು. ಆಗ ಒಂದು ಸೀಸನ್ನಿಗೆ ಇದ್ದದ್ದು 22 ಪಂದ್ಯ. ಮಧ್ಯದಲ್ಲಿ ಮಾಲಿನ್ ಮೂಸ್ಟ್ರೋಮ್, ರಾಷ್ಟ್ರೀಯ ತಂಡಕ್ಕೂ ನಾಯಕಿ. 2003ರ ವಿಶ್ವಕಪ್ ಫೈನಲ್ಲಿನಲ್ಲಿ ಜರ್ಮನಿ ವಿರುದ್ಧ 41ನೇ ನಿಮಿಷದಲ್ಲಿ ಸ್ವೀಡನ್ನಿಗೆ ಮುನ್ನಡೆ ಕೊಟ್ಟದ್ದು ಇದೇ ಯುಂಗ್‌ಬೆರ್ಗ್. ವಿರಾಮ ಮುಗಿದ ತಕ್ಷಣ ಜರ್ಮನಿ ಸಮ ಮಾಡಿತು. 98ನೇ ನಿಮಿಷದಲ್ಲಿ ನಿಯಾ ಕ್ಯುನ್ಸರ್ ತಲೆಯಿಂದ ಹೊಡೆದ ಗೋಲ್ಡನ್ ಗೋಲಿಗೆ ಆಟ ಅಲ್ಲೇ ಮುಗಿಯಿತು. ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ಆ ನಿಯಮದಲ್ಲಿ ತಿರುಗಿ ಹೊಡೆಯಲು ಎದುರಾಳಿಗೆ ಸಮಯವೇ ಇರುತ್ತಿರಲಿಲ್ಲ.

2002ರ ಯುರೋಪ್ ಫೈನಲ್ ಒಂದೇ ಪಂದ್ಯ. ಫ್ರಾಂಕ್‌ಫರ್ಟ್ ತನ್ನ ಊರಲ್ಲೇ 2-0ಯಿಂದ ಗೆದ್ದಿತು. ಮರುವರ್ಷದಿಂದ ಫೈನಲ್ ಎರಡು ಲೆಗ್ ಆಯಿತು: ಇಬ್ಬರ ಊರಲ್ಲೂ ಒಂದೊಂದು ಪಂದ್ಯ, ಎರಡರ ಗೋಲೂ ಕೂಡಿಸಿ ಲೆಕ್ಕ. ಡೆನ್ಮಾರ್ಕಿನ ಫೋರ್ತುನಾ ಯೋರಿಂಗ್ ವಿರುದ್ಧ 4-1, 3-0. ಮೊದಲ ಕಪ್ ಮನೆಗೆ ಬಂತು. 2004ರಲ್ಲಿ ಮತ್ತೆ ಫ್ರಾಂಕ್‌ಫರ್ಟ್ ಎದುರಾಯಿತು. ಸ್ಟಾಕ್‌ಹೋಮಿನಲ್ಲಿ 3-0, ಅವರ ಊರಿಗೇ ಹೋಗಿ 5-0. ಫೈನಲ್ಲಿನಲ್ಲಿ ಒಟ್ಟು ಎಂಟು ಗೋಲು ಹೊಡೆದು ಒಂದೂ ಬಿಟ್ಟುಕೊಡದಿರುವುದು ಎಂಥ ಮಾತು! ನನಗೆ ಈ ಕ್ಲಬ್ಬಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗೆಲುವಿಲ್ಲ.

ಉಮಿಯೊ ಎಂದರೆ ಮಾರ್ತಾ ಎಂದು ಬಹಳ ಜನ ಬರೆಯುತ್ತಾರೆ. ಇಸವಿಗಳನ್ನು ನೋಡು. ಬ್ರೆಜಿಲಿನ ದೋಯಿಸ್ ರಿಯಾಶೋಸ್ ಎಂಬ ಸಣ್ಣ ಊರಿನ ಆ ಹುಡುಗಿ ಹದಿನೆಂಟನೇ ವಯಸ್ಸಿಗೆ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಮೂರು ಲೀಗ್ ಪ್ರಶಸ್ತಿ, ಒಂದು ಯುರೋಪ್ ಕಪ್ ಕೈಯಲ್ಲಿದ್ದವು. ಗೆಲ್ಲುವ ತಂಡ ಸಿದ್ಧವಾಗಿತ್ತು, ಅದಕ್ಕೇ ಆಕೆ ಅಷ್ಟು ದೂರದ ಚಳಿಗೆ ಬಂದಳು. ಆಕೆ ಬಂದ ವರ್ಷ ಲೀಗ್ ಗೆದ್ದದ್ದು ಸ್ಟಾಕ್‌ಹೋಮಿನ ಯೂರ್‌ಗೋರ್ಡೆನ್. ಆಮೇಲೆ 2005ರಿಂದ 2008ರವರೆಗೆ ನಾಲ್ಕೂ ವರ್ಷ ಉಮಿಯೊ. 2006ರಿಂದ ಸತತ ಐದು ವರ್ಷ ಮಾರ್ತಾ ಫಿಫಾದ ಶ್ರೇಷ್ಠ ಆಟಗಾರ್ತಿಯಾದಳು. ಮೊದಲ ಮೂರು ಸಲ ಆಕೆ ಉಮಿಯೊ ಅಂಗಿಯಲ್ಲೇ ಆಡುತ್ತಿದ್ದಳು.

ಎರಡು ಲೆಗ್‌ನ ಲೆಕ್ಕ ತಿರುಗಿ ಹೊಡೆದದ್ದು 2007ರಲ್ಲಿ. ಉಮಿಯೊದ ಗಮ್ಲಿಯಾವಲ್ಲೆನ್ ಮೈದಾನದಲ್ಲಿ ಇಂಗ್ಲೆಂಡಿನ ಆರ್ಸೆನಲ್ ವಿರುದ್ಧ 0-0 ಆಗಿ ಮುಗಿಯಬೇಕಿದ್ದ ಪಂದ್ಯ. ತೊಂಬತ್ತು ನಿಮಿಷ ಮುಗಿದ ಮೇಲಿನ ಇಂಜುರಿ ಸಮಯದಲ್ಲಿ ಆರ್ಸೆನಲ್‌ನ ಅಲೆಕ್ಸ್ ಸ್ಕಾಟ್ ದೂರದಿಂದ ಹೊಡೆದ ಚೆಂಡು ಒಳಗೆ ಹೋಯಿತು. ಆ ಒಂದು ಗೋಲಿನಿಂದ ಎರಡನೇ ಲೆಗ್‌ನ ಸ್ವರೂಪವೇ ಬದಲಾಯಿತು. ಆರ್ಸೆನಲ್ ಹಿಂದೆ ಸರಿದು ಕಾದರೆ ಸಾಕು, ಉಮಿಯೊ ಮಾತ್ರ ಗೋಲು ಹುಡುಕಲೇಬೇಕು. ಆ ಎರಡನೇ ಪಂದ್ಯ 0-0 ಆಗಿ ಕಪ್ ಆರ್ಸೆನಲ್ ಪಾಲಾಯಿತು. ಮರುವರ್ಷ ಫ್ರಾಂಕ್‌ಫರ್ಟ್ ಹಳೆಯ ಸೇಡು ತೀರಿಸಿಕೊಂಡಿತು: 1-1, 3-2.

2009ರ ಹೊತ್ತಿಗೆ ಅಮೆರಿಕದಲ್ಲಿ ಹೊಸ ಲೀಗ್ ಶುರುವಾಗಿ ಮಾರ್ತಾ ಲಾಸ್ ಏಂಜಲೀಸಿಗೆ ಹೋದಳು. ಗಾಯಗಳ ಕಾಟಕ್ಕೆ ಅದೇ ವರ್ಷ ಯುಂಗ್‌ಬೆರ್ಗ್ ಆಟ ಬಿಟ್ಟಳು. ಲೀಗ್ ಲಿನ್‌ಶೋಪಿಂಗ್ ಪಾಲಾಯಿತು. ಉಮಿಯೊದ ಈ ಇಳಿತದ ಹಿಂದಿನ ಕಾರಣ ಹಣ. ಫ್ರಾನ್ಸಿನ ಲಿಯೋನ್‌ನಂಥ ಕಡೆ ಪುರುಷರ ತಂಡದ ದುಡ್ಡೇ ಮಹಿಳಾ ತಂಡಕ್ಕೂ ಹರಿಯತೊಡಗಿತ್ತು. ಸ್ವೀಡನ್ನಿನಲ್ಲಿ ಕ್ಲಬ್ ಸದಸ್ಯರ ಸಂಘ. ಕಂಪನಿ ಮಾಡಿಕೊಂಡರೂ ಮತದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕು. ಮೇಲಿನ ಲೀಗಿನಲ್ಲಿ ಆಡಲು ಲೆಕ್ಕಪತ್ರ ಸರಿಯಿದೆ ಎಂಬ ಲೈಸೆನ್ಸ್ ಬೇಕು. ಈ ನಿಯಮ ಕಠಿಣ, ಆದರೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ತ್ಯೂರೆಸೊ ಎಂಬ ಕ್ಲಬ್ ಮೈಮೀರಿ ಖರ್ಚು ಮಾಡಿ, ಇದೇ ಮಾರ್ತಾಳನ್ನೂ ಕರೆತಂದು, 2014ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿತು. ಜರ್ಮನಿಯ ವೋಲ್ಫ್ಸ್‌ಬರ್ಗ್‌ಗೆ 4-3ರಿಂದ ಸೋತು, ಅದೇ ಸೀಸನ್ ನಡುವೆ ದಿವಾಳಿಯಾಗಿ ಲೀಗಿನಿಂದ ಹೊರಬಿತ್ತು.

ಉಮಿಯೊ ಮುಚ್ಚಲಿಲ್ಲ, ಇಳಿಯಿತು. 2016ರಲ್ಲಿ ಎರಡನೇ ದರ್ಜೆಗೆ. 2020ರಲ್ಲಿ ಮೇಲೆ ಬಂದು ಅದೇ ವರ್ಷ ಕೆಳಕ್ಕೆ, 2022ರಲ್ಲೂ ಹಾಗೆಯೇ. ಉತ್ತರದ ತಂಡ ಗೆಲ್ಲಲಾರದು ಎನ್ನಬೇಡ; 2018ರಲ್ಲಿ ಇನ್ನೂ ಉತ್ತರದ ಪೀತಿಯೊ ಚಾಂಪಿಯನ್ ಆಗಿದೆ.

ನೀನು ಕ್ಯಾಂಪಸ್ಸಿನಲ್ಲಿ ಆಡಲು ಹೋದರೆ ಮೊದಲು ಮಂಡಿಯ ಕಡೆ ಗಮನ ಕೊಡು. ಓಡುತ್ತಾ ತಟ್ಟನೆ ತಿರುಗುವಾಗ ಪಾದ ನೆಲಕ್ಕೆ ಕಚ್ಚಿಕೊಂಡು ಮಂಡಿ ಒಳಕ್ಕೆ ವಾಲಿದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿಯಬಹುದು. ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಇದಕ್ಕೆ ಸ್ವೀಡನ್ನಿನವರೇ 'ಕ್ನೆಕೊಂಟ್ರೋಲ್' ಎಂಬ ಕ್ರಮ ಮಾಡಿದ್ದಾರೆ. ಒಂಟಿ ಕಾಲಿನ ಸ್ಕ್ವಾಟ್, ಮಲಗಿ ಸೊಂಟ ಎತ್ತುವುದು, ಎರಡು ಕಾಲಿನ ಸ್ಕ್ವಾಟ್, ಪ್ಲ್ಯಾಂಕ್, ಲಂಜ್, ನೆಗೆದು ಇಳಿಯುವುದು. ವಾರಕ್ಕೆ ಎರಡು ಸಲ, ಹದಿನೈದು ನಿಮಿಷ. ಎಳೆಯ ಆಟಗಾರ್ತಿಯರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಸಿಎಲ್ ಗಾಯ 64 ಶೇಕಡಾ ಇಳಿದಿತ್ತು. ಮಾಡುವಾಗ ಮಂಡಿ, ಕಾಲ್ಬೆರಳು ಒಂದೇ ಗೆರೆಯಲ್ಲಿರಲಿ. ಅದು ತಪ್ಪಿದರೆ ಎಷ್ಟು ಮಾಡಿದರೂ ಫಲವಿಲ್ಲ.

ಲೀಗ್ ಏಪ್ರಿಲ್ ಸುಮಾರಿಗೆ ಶುರುವಾಗುತ್ತದೆ. ಮೊದಲ ಪಂದ್ಯಕ್ಕೇ ಹೋಗು, ಉಣ್ಣೆಯ ಕಾಲುಚೀಲ ಮರೆಯಬೇಡ. ಅಲ್ಲಿ ಪಕ್ಕದಲ್ಲಿ ವಯಸ್ಸಾದವರು ಯಾರಾದರೂ ಕೂತಿದ್ದರೆ 2004ರ ತಂಡದ ಬಗ್ಗೆ ಕೇಳು. ಅವರು ಹೇಳಿದ್ದನ್ನೆಲ್ಲ ನನಗೆ ಬರೆದು ಕಳಿಸು.

ನಿನ್ನ
ಅಮ್ಮ