ಈ ಸಲ ಬೈಯೋಕೆ ಯಾರೂ ಇಲ್ಲ

ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ಮಂಗಳವಾರವೇ ನಿಮ್ಮ ಕೈ ಸೇರಬೇಕಿತ್ತು. ಇವತ್ತು ಗುರುವಾರ, ರಾತ್ರಿ ಹನ್ನೊಂದೂವರೆ. ಮಕ್ಕಳ ಪುಟ ಬಂದಿದೆ, ಅಡುಗೆ ಪುಟ ಬಂದಿದೆ, ಅಧ್ಯಕ್ಷರ ಸಂದೇಶ ಇನ್ನೂ ದಾರಿಯಲ್ಲಿದೆ. ರಾಜ್ಯೋತ್ಸವದ ಬಗ್ಗೆ ನಾಲ್ಕು ಸಾಲು ಬರೆದು ಮಲಗೋಣ ಅಂತ ಕೂತೆ. ಆದರೆ ತಲೆಯಲ್ಲಿ ಕೊರೆಯುತ್ತಿರುವ ವಿಷಯವೇ ಬೇರೆ. ನಿಮ್ಮ ಕಿವಿಗೂ ಬಿದ್ದಿರುತ್ತದೆ. ನಮ್ಮ ಖಜಾಂಚಿಗಳ ಸಂಸಾರ ಕೆನಡಾದ ಕಡೆ ಮುಖ ಮಾಡಿದೆ.

ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಕಾಯಂ ಆಗಿ ನೆಲೆಸುವವರನ್ನು ಕೆನಡಾ ಅಂಕದ ಮೇಲೆ ಆರಿಸುವ ವ್ಯವಸ್ಥೆಯಲ್ಲಿ, ಆಹ್ವಾನ ಬಂದಿದೆ, 60 ದಿನದೊಳಗೆ ಅರ್ಜಿ ಹಾಕಬೇಕು. ಹೋಗೋದಾ, ಬಿಡೋದಾ ಅಂತ ಗಂಡ ಹೆಂಡತಿ ದಿನಾ ರಾತ್ರಿ ಎಕ್ಸೆಲ್ ಹಾಳೆ ತೆಗೆದು ಕೂರುತ್ತಾರೆ. ಕಳೆದ ವಾರ ಲೆಕ್ಕದ ಪುಸ್ತಕ ತರಲು ಹೋಗಿದ್ದೆ. ಸಂಘದ ಲೆಕ್ಕ ಐದು ನಿಮಿಷದಲ್ಲಿ ಮುಗಿಯಿತು. ಕೆನಡಾದ ಲೆಕ್ಕ ಎರಡನೇ ಲೋಟ ಕಾಫಿ ಕುಡಿದರೂ ಮುಗಿಯಲಿಲ್ಲ.

ಈ ದಾರಿ ಹಿಡಿಯುವ ಯೋಚನೆ ನಮ್ಮಲ್ಲಿ ಇನ್ನೂ ಕೆಲವರಿಗಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಟ್ಟು ಅಂಕ 1200. ಗಂಡ ಹೆಂಡತಿ ಒಟ್ಟಿಗೆ ಹೊರಟರೆ ಅರ್ಜಿದಾರರ ವಯಸ್ಸಿಗೆ ಹೆಚ್ಚೆಂದರೆ 100. ಅದು 35ಕ್ಕೆ 70 ಆಗುತ್ತದೆ, 40ಕ್ಕೆ 45, 45 ತುಂಬಿದರೆ ಸೊನ್ನೆ. ಅಂದರೆ ಪ್ರತಿ ಹುಟ್ಟುಹಬ್ಬಕ್ಕೂ ಕೇಕಿನ ಜೊತೆ ಒಂದಿಷ್ಟು ಅಂಕ ಕಡಿತ. ಕೆನಡಾದಲ್ಲಿ ಕೆಲಸ ಸಿಕ್ಕಿದೆ ಅಂತ ಪತ್ರ ತೋರಿಸಿದರೆ ಮೊದಲು ಹೆಚ್ಚುವರಿ ಅಂಕ ಸಿಗುತ್ತಿತ್ತು, 2025ರ ಮಾರ್ಚಿನಿಂದ ಅದೂ ಇಲ್ಲ. ಇಂಗ್ಲಿಷ್ ಪರೀಕ್ಷೆ ಬೇರೆ ಬರೆಯಬೇಕು. ಇಷ್ಟು ವರ್ಷ ಇಂಗ್ಲೆಂಡಿನಲ್ಲೇ ಇದ್ದು, ಇಂಗ್ಲಿಷಿನಲ್ಲೇ ದುಡಿದು, ಈಗ ಇಂಗ್ಲಿಷ್ ಬರುತ್ತದೆ ಅಂತ ಸರ್ಟಿಫಿಕೇಟು! ಇಲ್ಲೇ ಹುಟ್ಟಿದ ಇಂಗ್ಲಿಷರೂ ಬರೆಯಬೇಕು ಅನ್ನುವುದೊಂದೇ ಸಮಾಧಾನ.

ಅರ್ಜಿ ಇರುವುದು ಖಜಾಂಚಿಗಳ ಹೆಂಡತಿಯ ಹೆಸರಲ್ಲಿ. ಅವರು ಫಾರ್ಮಸಿಸ್ಟ್. ಆರೋಗ್ಯ ಕ್ಷೇತ್ರದವರಿಗೆ ಅಲ್ಲಿ ಬೇರೆ ಸುತ್ತಿನಲ್ಲಿ ಆಹ್ವಾನ ಕೊಡುತ್ತಾರೆ. ತಮಾಷೆ ಏನೆಂದರೆ, ಫಾರ್ಮಸಿಸ್ಟ್ ಅಂತ ಕರೆಸಿಕೊಂಡ ಮೇಲೆ ಫಾರ್ಮಸಿಸ್ಟ್ ಆಗಿ ದುಡಿಯಬೇಕಾದರೆ ಮತ್ತೆ ಪರೀಕ್ಷೆಗಳ ಸಾಲು, ಪ್ರಾಂತ್ಯದಲ್ಲಿ ನೋಂದಣಿ. ಬೆಂಗಳೂರಿನ ಬಿ.ಫಾರ್ಮ್ ಇಟ್ಟುಕೊಂಡು ಇಲ್ಲಿಗೆ ಬಂದಾಗಲೂ ಓಎಸ್‌ಪಿಎಪಿ ಅಂತ ಹೊರದೇಶದ ಫಾರ್ಮಸಿಸ್ಟರ ಕೋರ್ಸನ್ನು ಒಂದು ವರ್ಷ ಓದಿದ್ದರು, ಆಮೇಲೆ ತರಬೇತಿ, ಆಮೇಲೆ ಪರೀಕ್ಷೆ. "ಇನ್ನೊಂದು ಸಲ ನಂಗಾಗಲ್ಲ ಕಣ್ರೀ" ಅಂದರು. ಅಂದುಬಿಟ್ಟು ಕೆನಡಾದ ಪಠ್ಯಕ್ರಮವನ್ನು ತಾವೇ ತೆಗೆದು ತೋರಿಸಿದರು.

ರಜೆಯ ಲೆಕ್ಕ ನೋಡಿ ನನಗೇ ಎದೆ ಝಲ್ಲೆಂದಿತು. ಇಲ್ಲಿ ಕಾನೂನಿನ ಪ್ರಕಾರ ವರ್ಷಕ್ಕೆ 5.6 ವಾರ. ಒಂಟಾರಿಯೊದಲ್ಲಿ 2 ವಾರ, ಒಂದೇ ಕಡೆ 5 ವರ್ಷ ದುಡಿದರೆ 3. ಒಳ್ಳೆ ಕಂಪನಿಗಳು ಜಾಸ್ತಿ ಕೊಡುತ್ತವೆ, ನಿಜ. ಆದರೂ ಎರಡು ವಾರದಲ್ಲಿ ಖಜಾಂಚಿಗಳ ಊರು ತೀರ್ಥಹಳ್ಳಿಗೆ ಹೋಗಿ ಬರುವುದು ಅಂದರೆ ನಿದ್ದೆ ಸರಿಹೋಗುವಷ್ಟರಲ್ಲಿ ಪೆಟ್ಟಿಗೆ ಕಟ್ಟಬೇಕು. ಹೀಥ್ರೂನಲ್ಲಿ ಹತ್ತಿ ಕೆಂಪೇಗೌಡದಲ್ಲಿ ಇಳಿಯುವ ಸುಖ ಬಿಟ್ಟುಹೋದ ಮೇಲೇ ಗೊತ್ತಾಗುವಂಥದ್ದು. ಪಿಂಚಣಿಯದೂ ಒಂದು ಸಾಲಿದೆ. 10 ವರ್ಷ ಎನ್‌ಐ (ಸಂಬಳದಲ್ಲಿ ಹಿಡಿಯುವ ನ್ಯಾಷನಲ್ ಇನ್ಶೂರೆನ್ಸ್) ಕಟ್ಟಿದ್ದರೆ ಇಲ್ಲಿನ ಸರ್ಕಾರಿ ಪಿಂಚಣಿ ಅಷ್ಟಿಷ್ಟು ಸಿಗುತ್ತದೆ. ಕೆನಡಾದಲ್ಲಿ ಕೂತು ತೆಗೆದುಕೊಂಡರೆ ಮೊದಲ ವರ್ಷದ ಮೊತ್ತವೇ ಕೊನೆತನಕ, ಏರುವುದಿಲ್ಲ. ಅಮೆರಿಕದಲ್ಲಿ ಕೂತರೆ ಏರುತ್ತದಂತೆ! ನಿವೃತ್ತಿ ಆದಮೇಲೆ ಊರಿಗೆ ಹೋಗ್ತೀವಿ ಅನ್ನುವವರೂ ಕೇಳಿಸಿಕೊಳ್ಳಿ, ಇಂಡಿಯಾದಲ್ಲೂ ಏರುವುದಿಲ್ಲ.

ಇಷ್ಟೆಲ್ಲ ಇದ್ದೂ ಯಾಕೆ ಹೊರಟಿದ್ದಾರೆ? ಖಜಾಂಚಿಗಳ ಅಮ್ಮನಿಗಾಗಿ.

ವಯಸ್ಸಾದ ಅಪ್ಪ ಅಮ್ಮನನ್ನು ಇಲ್ಲಿ ಕರೆತಂದು ಇಟ್ಟುಕೊಳ್ಳುವ ಬಾಗಿಲು 2012ರ ಜುಲೈನಲ್ಲಿ ಹೆಚ್ಚುಕಡಿಮೆ ಮುಚ್ಚಿತು. ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆರೈಕೆ ಬೇಕು, ಆ ಆರೈಕೆ ಊರಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂತ ರುಜುವಾತು ಮಾಡಬೇಕು. ಯಾರಿಂದಾಗುತ್ತದೆ? ಉಳಿದದ್ದು ವಿಸಿಟರ್ ವೀಸಾ, ಒಂದು ಸಲಕ್ಕೆ ಆರು ತಿಂಗಳು. ಕೆನಡಾದಲ್ಲಿ ಸೂಪರ್ ವೀಸಾ ಅಂತ ಇದೆ. ಅಪ್ಪ ಅಮ್ಮ, ಅಜ್ಜ ಅಜ್ಜಿ ಒಂದು ಸಲ ಬಂದರೆ 5 ವರ್ಷದವರೆಗೆ ಇರಬಹುದು. ಮಗನಿಗೆ ಇಂತಿಷ್ಟು ಆದಾಯ ಇರಬೇಕು, ಅಮ್ಮನಿಗೆ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಮಾಡಿಸಬೇಕು. ವಯಸ್ಸಾದಷ್ಟೂ, ಬಿಪಿ ಶುಗರ್ ಇದ್ದಷ್ಟೂ ವಿಮೆ ದುಬಾರಿ. ಆದರೂ ಬಾಗಿಲು ಅಂತ ಒಂದಿದೆ.

"ಅಮ್ಮ ಏನಂದ್ರು?" ಅಂತ ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಅನುಮತಿ, ಬರಲಿ, ಆಮೇಲೆ ಹೇಳೋಣ ಅಂತ ಇದ್ದಾರಂತೆ.

ನನಗೆ ನನ್ನ ಅಮ್ಮ ನೆನಪಾದಳು. ಅಪ್ಪನದು ವಿದ್ಯುತ್ ಇಲಾಖೆ ಕೆಲಸ. ಜೋಗದ ಹತ್ತಿರ ಕಾರ್ಗಲ್ಲಿನಲ್ಲಿ ಕ್ವಾರ್ಟರ್ಸು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಒಲೆಯ ಮೇಲೆ ಬುಟ್ಟಿ ಕವುಚಿಡುವ ಊರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ರಾಯಚೂರಿನ ಶಕ್ತಿನಗರಕ್ಕೆ ವರ್ಗ ಆಯಿತು. ಅಲ್ಲಿ ಥರ್ಮಲ್ ಸ್ಥಾವರ ಶುರುವಾದ ಹೊಸತು. ಲಾರಿಗೆ ಮೊದಲು ಹತ್ತಿದ್ದು ರುಬ್ಬುವ ಕಲ್ಲು. ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಅಮ್ಮ ಯಾರ ಕೈಗೂ ಕೊಡದೆ, ಬಾಯಿಗೆ ಬಟ್ಟೆ ಕಟ್ಟಿ, ದಾರಿಯುದ್ದಕ್ಕೂ ಕಾಲಸಂದಿಯಲ್ಲಿ ಇಟ್ಟುಕೊಂಡು ಕೂತಳು. ಶಿವಮೊಗ್ಗ ದಾಟಿದ ಮೇಲೆ ಮರ ಕಡಿಮೆಯಾಗುತ್ತಾ ಬಂತು. ರಾಯಚೂರು ಬರುವಷ್ಟರಲ್ಲಿ ಅಮ್ಮನ ಮಾತೇ ನಿಂತಿತ್ತು.

ಬಿಸಿಲು ಅಂದರೆ ಏನು ಅಂತ ಅಲ್ಲಿ ಗೊತ್ತಾಯಿತು. ಬೆಳಗ್ಗೆ ಹೆಪ್ಪಾದ ಮೊಸರು ಮಧ್ಯಾಹ್ನಕ್ಕೆ ಬಾಯಿಗಿಡಲಾಗದಷ್ಟು ಹುಳಿ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು "ಆ ದೊಡ್ಡ ಸಾಹೇಬರ ಮನೆ ಮೊಸರೂ ಹಿಂಗೇ ಹುಳಿಯಾಗ" ಅನ್ನುತ್ತಿದ್ದಳು. ವರ್ಗಾವಣೆಗೆ ಸಹಿ ಹಾಕಿದ್ದು ಆ ದೊಡ್ಡ ಸಾಹೇಬರಂತೆ. ಮನೆಯೊಳಗೆ ಧೂಳು ಬಂದರೆ ಅವರಿಗೆ ಬೈಗುಳ, ಅಕ್ಕಿ ಚೆನ್ನಾಗಿ ಸಿಗದಿದ್ದರೆ ಅವರಿಗೆ, ನನಗೆ ಜ್ವರ ಬಂದರೂ ಅವರಿಗೇ. ಪಕ್ಕದ ಮನೆ ಅಕ್ಕ ಜೋಳದ ರೊಟ್ಟಿ ಬಡಿಯೋದು ಹೇಳಿಕೊಟ್ಟರು. ಮೊದಮೊದಲು ರೊಟ್ಟಿ ಹರಿದಾಗಲೆಲ್ಲ ಸಾಹೇಬರ ಹೆಸರು ಬರುತ್ತಿತ್ತು. ಅಪ್ಪನ ಮೇಲೆ ಮಾತ್ರ ಒಂದೇ ಒಂದು ಮಾತು ಬೀಳಲಿಲ್ಲ. ಒಂದು ಸಲ ಆ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದವರು ನಮ್ಮಲ್ಲೇ ಊಟಕ್ಕೆ ಕೂತರು. ಮೊಸರನ್ನಕ್ಕೆ ಎರಡು ಮಿಡಿ ಹಾಕಿಸಿಕೊಂಡು "ಊರು ಒಗ್ಗಿತಾ ತಾಯಿ?" ಅಂತ ಕೇಳಿದರು. "ಚೆನ್ನಾಗಿದೆ ಸಾರ್" ಅಂದಳು ಅಮ್ಮ. ಜೀಪು ತಿರುವು ದಾಟುವವರೆಗೆ ತಡೆದುಕೊಂಡು, ಆಮೇಲೆ ಶುರುಹಚ್ಚಿಕೊಂಡಳು.

ನಾವು ಇಲ್ಲಿಗೆ ಬಂದಿದ್ದೂ ಹಾಗೇ ಅಲ್ವಾ? ನಮ್ಮಲ್ಲಿ ಎಷ್ಟು ಜನ ಕೂತು ಯೋಚಿಸಿ ಬ್ರಿಟನ್ನಿಗೆ ಬಂದಿದ್ದೀರಿ? ಆರು ತಿಂಗಳ ಪ್ರಾಜೆಕ್ಟು ಅಂತ ಕಂಪನಿ ಕಳಿಸಿತು, ಸೂಟ್‌ಕೇಸಿಗೆ ಚಟ್ನಿಪುಡಿ ತುಂಬಿಕೊಂಡು ಬಂದೆವು. ವೀಸಾ ಮುಂದುವರಿಯಿತು, ಮಗು ಶಾಲೆಗೆ ಸೇರಿತು, ಮನೆ ಸಾಲ ಆಯಿತು. ತೀರ್ಮಾನ ಅಂತ ಯಾವತ್ತು ಆಯಿತೋ ಯಾರಿಗೂ ನೆನಪಿಲ್ಲ. ಜನವರಿಯಲ್ಲಿ ನಾಲ್ಕು ಗಂಟೆಗೇ ಕತ್ತಲಾದರೆ ಬೈಯಲು ಮ್ಯಾನೇಜರ್ ಇದ್ದ, ಹಣೆಬರಹ ಇತ್ತು. ಕೆನಡಾಕ್ಕೆ ಹೋಗು ಅಂತ ಇವರಿಗೆ ಯಾರೂ ಹೇಳಿಲ್ಲ. ಮೊಣಕಾಲುದ್ದ ಹಿಮ ಬಿದ್ದ ಬೆಳಗ್ಗೆ ಕಾರಿನ ಗಾಜು ಕೆರೆಯುತ್ತಾ ಬೈಯಬೇಕಾದರೆ ಗಂಡ ಹೆಂಡತಿಯನ್ನೇ ಬೈಯಬೇಕು, ಹೆಂಡತಿ ಗಂಡನನ್ನೇ. ಆ ಎಕ್ಸೆಲ್ ಹಾಳೆ ಅಷ್ಟುದ್ದ ಬೆಳೆದಿದ್ದು ಯಾಕೆ ಅಂತ ನನಗೆ ಈಗ ಅರ್ಥವಾಗುತ್ತಿದೆ. ಅದೇ ಅವರ ದೊಡ್ಡ ಸಾಹೇಬರು.

ಖಜಾಂಚಿಗಳ ಮಗಳು ಇಲ್ಲಿನ ಶಾಲೆಯಲ್ಲಿ ಇಯರ್ 9. ಹೋಗುವುದಾದರೆ ಬರುವ ಬೇಸಿಗೆಯಲ್ಲೇ ಹೋಗಬೇಕು. ಆಮೇಲೆ ಇಲ್ಲಿ ಜಿಸಿಎಸ್‌ಇ ಅನ್ನುವ ಬೋರ್ಡ್ ಪರೀಕ್ಷೆಯ ಪಾಠ ಶುರು, ಅಲ್ಲಿ ಅದೇ ವಯಸ್ಸಿಗೆ 9ನೇ ಗ್ರೇಡು, ಹೈಸ್ಕೂಲು ಶುರು. ಭಾನುವಾರದ ಕನ್ನಡ ತರಗತಿಯಲ್ಲಿ ಅವಳು ಕೇಳಿದಳು, "ಆಂಟಿ, ಅಲ್ಲಿ ನಾವು ಇಂಡಿಯಾದಿಂದ ಬಂದೋರಾ, ಇಂಗ್ಲೆಂಡಿಂದ ಬಂದೋರಾ?" ಇಲ್ಲಿ ಯಾರಾದರೂ ಕೇಳಿದರೆ ಇಂಡಿಯನ್ ಅನ್ನುತ್ತಾಳಂತೆ. ಅಲ್ಲಿ ಬಾಯಿ ಬಿಟ್ಟ ತಕ್ಷಣ ಎಲ್ಲರೂ ಇಂಗ್ಲಿಷ್ ಹುಡುಗಿ ಅಂತಾರೆ. "ಎರಡೂ ಹೇಳು, ನಿಂಗೇನು ನಷ್ಟ?" ಅಂದೆ. ಅವಳಿಗೆ ಉತ್ತರ ಹಿಡಿಸಲಿಲ್ಲ.

ಅವಳ ಇನ್ನೊಂದು ಚಿಂತೆ ಅಜ್ಜಿಯ ಫೋನಿನದು. ಚಳಿಗಾಲದಲ್ಲಿ ಶಾಲೆ ಬಿಟ್ಟು ಮೂರೂವರೆಗೆ ಫೋನ್ ಮಾಡಿದರೆ ತೀರ್ಥಹಳ್ಳಿಯಲ್ಲಿ ರಾತ್ರಿ ಒಂಬತ್ತು, ಅಜ್ಜಿ ಇನ್ನೂ ಎದ್ದಿರುತ್ತಾರೆ. ಟೊರಾಂಟೊ ಕಡೆಯಿಂದ ಅದೇ ಹೊತ್ತಿಗೆ ಮಾಡಿದರೆ ಅಲ್ಲಿ ನಡುರಾತ್ರಿ ಎರಡು. ಶಾಲೆಗೆ ಹೊರಡುವ ಮುಂಚೆ ಏಳೂವರೆಗೆ ಮಾಡಿದರೆ ಸಂಜೆ ಆರು. ಅದು ದೀಪ ಹಚ್ಚುವ ಹೊತ್ತು, ಅದು ಮುಗಿದರೆ ಧಾರಾವಾಹಿ. ಅಜ್ಜಿ ಎತ್ತುವುದು ಅನುಮಾನ.

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದರೆ ಸಂಪಾದಕರಿಗೆ ಅಷ್ಟಾದರೂ ಸಲಿಗೆ ಬೇಕಲ್ಲ. ಕನ್ನಡದ ಚಿಂತೆ ಬೇಡ. 2022ರ ಮೇನಲ್ಲಿ ಆಗ ಸಂಸದರಾಗಿದ್ದ ಶಿರಾ ಕಡೆಯ ಚಂದ್ರ ಆರ್ಯ ಅಲ್ಲಿನ ಸಂಸತ್ತಿನಲ್ಲೇ ಕನ್ನಡ ಮಾತಾಡಿದರು, ಆ ವಿಡಿಯೊ ನಮ್ಮ ಗುಂಪಿಗೆ ಎಷ್ಟು ಸಲ ಬಂತೋ. ಪಾಸ್‌ಪೋರ್ಟ್ ಇಲ್ಲಿನದು ಇರುವುದರಿಂದ ಒಗ್ಗದಿದ್ದರೆ ವಾಪಸ್ ಬರಬಹುದು. ಬರೀ ಐಎಲ್‌ಆರ್ (ಇಲ್ಲಿ ಕಾಯಂ ಇರಲು ಅನುಮತಿ) ಇರುವವರು ಹುಷಾರು, ಎರಡು ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಅದು ಕೈಬಿಡುತ್ತದೆ. ಈ ಸಂಸಾರ ಹೋಗಲಿ ಅಂತಲೇ ಹೇಳುತ್ತೇನೆ. ಆದರೆ ಯಾರಿಗಾಗಿ ಹೋಗುತ್ತಿದ್ದಾರೋ ಅವರಿಗೆ ಎರಡು ಎಕರೆ ಅಡಿಕೆ ತೋಟ ಇದೆ, ಬೆಕ್ಕುಗಳಿವೆ, ಬೇಲಿಯಾಚೆ ತಂಗಿಯ ಮನೆ ಇದೆ. ಹಿಂದೆ ಇಲ್ಲಿಗೆ ಬಂದಾಗ ಆರು ತಿಂಗಳು ಯಾವಾಗ ಮುಗಿಯುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದವರು. ಅರ್ಜಿ ಒತ್ತುವ ಮೊದಲು ಒಂದು ಫೋನ್ ಮಾಡಿ ಕೇಳಿಬಿಡಿ. ಅವರು ಬರಲ್ಲ ಅಂದರೆ ಆ ಹಾಳೆಯ ಉಳಿದ ಸಾಲುಗಳನ್ನೆಲ್ಲ ಹೊಸದಾಗಿ ಕೂಡಬೇಕಾಗುತ್ತದೆ.

ಜಾಗ ಮುಗಿಯುತ್ತಾ ಬಂತು, ಸೂಚನೆಗಳನ್ನು ಬೇಗ ಹೇಳಿಬಿಡುತ್ತೇನೆ. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಎಂದಿನ ಹಾಲ್, ಬಾಗಿಲು ಎರಡು ಗಂಟೆಗೆ. ತಟ್ಟೆ ಲೋಟ ಮನೆಯಿಂದಲೇ ತನ್ನಿ. ಬಿಸಿಬೇಳೆಬಾತಿಗೆ ತರಕಾರಿ ಹೆಚ್ಚಲು ಬೆಳಗ್ಗೆ ಎಂಟಕ್ಕೆ ಜನ ಬೇಕು, ಹೋದ ಸಲದಂತೆ ಹತ್ತಕ್ಕೆ ಬಂದು ಫೋಟೊ ತೆಗೆಯುವವರು ಬೇಡ. ಹಾಫ್ ಟರ್ಮ್ ರಜೆಯಲ್ಲಿ ಮಕ್ಕಳನ್ನು ಲಂಡನ್ನಿನ ಲ್ಯಾಂಬೆತ್‌ನ ಬಸವಣ್ಣನ ಪ್ರತಿಮೆಗೆ ಕರೆದೊಯ್ಯುತ್ತೇವೆ, ಹೆಸರು ಕೊಡಿ, ದೊಡ್ಡವರೂ ಒಂದಿಬ್ಬರು ಜೊತೆಗೆ ಬನ್ನಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಕನ್ನಡ ತರಗತಿಗೆ ಮುಂಚೆಯೇ ಬಂದು ಬೀಗದ ಮುಂದೆ ನಿಲ್ಲಬೇಡಿ.

ಕೊನೆಯದಾಗಿ, ಸಂಘದ ದೊಡ್ಡ ಕೊಳಗಗಳು, ಮೈಕ್ ಸೆಟ್ಟು, ಗಣೇಶನ ಮಂಟಪ ಎಲ್ಲ ಇರುವುದು ಖಜಾಂಚಿಗಳ ಗ್ಯಾರೇಜಿನಲ್ಲಿ. ಒಣಗಿದ ಗ್ಯಾರೇಜ್ ಇರುವವರು ದಯವಿಟ್ಟು ತಿಳಿಸಿ. ಕೆನಡಾಕ್ಕೆ ಹೋದರೂ ಹೋಗದಿದ್ದರೂ ಖಜಾಂಚಿ ಕೆಲಸ ಬಿಡುತ್ತೇನೆ ಅಂತ ಅವರು ಖಡಾಖಂಡಿತವಾಗಿ ಹೇಳಿದ್ದಾರೆ. ಹಾಗಾಗಿ ಆ ಜಾಗಕ್ಕೂ ಒಬ್ಬರು ಬೇಕು. ಕೂಡಿ ಕಳೆಯಲು ಬಂದರೆ ಸಾಕು, ರಸೀದಿ ಕೇಳಲು ಸಂಕೋಚ ಇರಬಾರದು. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹೆಸರು ಹಾಕಿದವರು ಮಾತ್ರ ಮೊದಲೇ ಹೇಳಿಬಿಡಿ.