‘ಜನರ ಸ್ವಭಾವವೇ ಹಾಗೆ’ ಎಂದು ಬರೆಯುವ ಮುನ್ನ

ಸಕಲೇಶಪುರ

ಪ್ರಿಯರೇ,

ನೀವು ಹಾಸನದಿಂದ ಕಳುಹಿಸಿದ ಪ್ರಬಂಧಗಳನ್ನು ಓದಿದೆ. ಇಂಗ್ಲಿಷ್ ಮಾಧ್ಯಮದ ಮೋಹ, ಮಕ್ಕಳನ್ನು ಫೇಲ್ ಮಾಡದ ಪದ್ಧತಿ, ಸರ್ಕಾರಿ ಶಾಲೆಯ ಶಿಕ್ಷಕರ ಉದಾಸೀನ, ಹೀಗೆ ಎಲ್ಲವೂ ಜಗಳ ಹುಟ್ಟಿಸುವ ವಿಷಯಗಳೇ. ನಿಮಗೆ ಕೋಪವಿದೆ, ಭಾಷೆಯ ಮೇಲೆ ಹಿಡಿತವಿದೆ, ಯಾರ ಮುಲಾಜಿಗೂ ಬೀಳದ ಎದೆಗಾರಿಕೆಯಿದೆ. ಈ ಮೂರೂ ಒಬ್ಬರಲ್ಲೇ ಸೇರುವುದು ಅಪರೂಪ. ಆದ್ದರಿಂದಲೇ ಬೆನ್ನು ತಟ್ಟಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ನನಗೆ ಕಂಡ ದೋಷವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಿಮ್ಮ ಪ್ರಬಂಧಗಳು ಹೊರಡುವ ದಾರಿ ಬೇರೆಬೇರೆ, ಬಂದು ಸೇರುವ ಜಾಗ ಮಾತ್ರ ಒಂದೇ. ತಂದೆತಾಯಿ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಏಕೆ ಸೇರಿಸುತ್ತಾರೆ? ಪ್ರತಿಷ್ಠೆಗೆ ಬಾಯಿ ಬಿಡುವುದು ಮನುಷ್ಯನ ಸ್ವಭಾವ. ಮಕ್ಕಳು ಏಕೆ ಓದುವುದಿಲ್ಲ? ಹೆದರಿಕೆ ಇಲ್ಲದಿದ್ದರೆ ಮೈಗಳ್ಳರಾಗುವುದು ಸ್ವಭಾವ. ಶಿಕ್ಷಕರು ಏಕೆ ಪಾಠ ಮಾಡುವುದಿಲ್ಲ? ತಿಂಗಳ ಸಂಬಳ ಖಾತ್ರಿಯಾದ ಮೇಲೆ ದುಡಿಯದಿರುವುದು ಸ್ವಭಾವ. ಹೀಗೆಂದ ಕೂಡಲೇ ವಿಚಾರಣೆ ಮುಗಿದುಹೋಗುತ್ತದೆ. ಓದುಗನಿಗೆ ಕೇಳಲು ಏನೂ ಉಳಿಯುವುದಿಲ್ಲ, ನಿಮಗೆ ಹುಡುಕಲು ಏನೂ ಉಳಿಯುವುದಿಲ್ಲ. ಮನುಷ್ಯನಿಗೆ ಸ್ವಭಾವವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಆದರೆ ಅದು ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಒಂದೇ ಆಗಿದ್ದರೆ, ನೆನ್ನೆ ಮೊನ್ನೆಯವರೆಗೆ ಊರ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿದ್ದವರು ಇಂದು ಏಕೆ ಕಳುಹಿಸುತ್ತಿಲ್ಲ ಎಂಬುದಕ್ಕೆ ಅದು ಉತ್ತರವಾಗಲಾರದು. ಬದಲಾಗದ್ದನ್ನು ಹಿಡಿದುಕೊಂಡು ಬದಲಾದದ್ದನ್ನು ವಿವರಿಸಲು ಬರುವುದಿಲ್ಲ.

ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಏಳೂವರೆಗೆ ಯಾವುದಾದರೂ ತೋಟದ ಲೈನ್ ಮನೆಗಳ, ಅಂದರೆ ಕೂಲಿಯವರ ಸಾಲುಮನೆಗಳ, ಮುಂದೆ ನಿಂತು ನೋಡಿ. ತಾಯಿ ಎಂಟಕ್ಕೆಲ್ಲ ಹಾಜರಿಗೆ ನಿಲ್ಲಬೇಕು. ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುವುದರಿಂದ ತಡವಾದಷ್ಟೂ ಚೀಲ ಹಗುರ. ಸರ್ಕಾರಿ ಶಾಲೆಯ ಬಾಗಿಲು ತೆರೆಯುವುದು ಹತ್ತರ ಸುಮಾರಿಗೆ. ಅಲ್ಲಿಯವರೆಗೆ ಆರು ವರ್ಷದ ಮಗುವನ್ನು ಯಾರ ಕೈಗೊಪ್ಪಿಸುವುದು? ಶಾಲೆಯ ಕಾಲುದಾರಿ ತೋಟದೊಳಗೇ ಸಾಗುತ್ತದೆ. ರಾತ್ರಿ ಆನೆಗಳು ದಾಟಿ ಹೋಗಿದ್ದರೆ ಸಿಗಿದು ಹಾಕಿದ ಬೈನೆ ಮರವೂ ಲದ್ದಿಯೂ ದಾರಿಗಡ್ಡ ಬಿದ್ದಿರುತ್ತವೆ. ಅಷ್ಟರಲ್ಲಿ ಖಾಸಗಿ ಶಾಲೆಯ ಹಳದಿ ವ್ಯಾನ್ ಗೇಟಿಗೆ ಬಂದು ಹಾರ್ನ್ ಮಾಡುತ್ತದೆ. ಮಗು ಹತ್ತುತ್ತದೆ, ತಾಯಿ ಕೊಯ್ಲಿನ ಚೀಲವನ್ನು ಸೊಂಟಕ್ಕೆ ಬಿಗಿದುಕೊಂಡು ತೋಟಕ್ಕೆ ಓಡುತ್ತಾಳೆ. ಅವಳು ಆರಿಸಿಕೊಂಡದ್ದು ಇಂಗ್ಲಿಷನ್ನೋ, ವ್ಯಾನನ್ನೋ? ಇಂಗ್ಲಿಷ್ ಬೇಡವೆಂದೇನೂ ಅವಳು ಹೇಳುವುದಿಲ್ಲ. ಮಾಲೀಕರ ಮಕ್ಕಳು ಎಂಥ ಶಾಲೆಯಲ್ಲಿ ಓದಿದರೆಂದು ಅವಳು ಕಣ್ಣಾರೆ ಕಂಡಿದ್ದಾಳೆ. ಇವಳನ್ನೂ ಸೇರಿಸಿ ನೀವು ‘ತಾಯ್ನುಡಿಗೆ ಬೆನ್ನು ತಿರುಗಿಸಿದವರು’ ಎಂದು ಬರೆದಿದ್ದೀರಿ. ಪಕ್ಕದ ಲೈನಿನಲ್ಲಿರುವುದು ಅಸ್ಸಾಮಿನಿಂದ ಕೂಲಿಗೆ ಬಂದ ಸಂಸಾರ. ಆ ಮನೆಯ ಮಗುವಿಗೆ ಕನ್ನಡವೂ ಶಾಲೆಯಲ್ಲಿಯೇ ಕಲಿಯಬೇಕಾದ ಹೊಸ ಭಾಷೆ. ನಿಮ್ಮ ಪ್ರಬಂಧದಲ್ಲಿ ಅದಕ್ಕೆ ಜಾಗವೇ ಇಲ್ಲ.

ಮೊದಲ ಓದು ಕನ್ನಡದಲ್ಲೇ ಆಗಬೇಕೆಂಬ ನಿಮ್ಮ ನಿಲುವೇ ನನ್ನದೂ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಬೈಸಿಕೊಂಡ ತಾಯಿ ಯಾವತ್ತೂ ನಮ್ಮ ಕಡೆಗೆ ಬರುವುದಿಲ್ಲ. ಸರ್ಕಾರಿ ಶಾಲೆಯ ಬಾಗಿಲು ಎಂಟಕ್ಕೇ ತೆರೆಯಲಿ, ತೋಟದ ಗೇಟಿಗೆ ಕನ್ನಡ ಶಾಲೆಯ ವ್ಯಾನೂ ಬರಲಿ ಎಂದು ನೀವು ಬರೆದಿದ್ದರೆ ಅದು ಕನ್ನಡದ ಪರವಾದ ಮಾತಾಗುತ್ತಿತ್ತು, ಯಾರಾದರೂ ಉತ್ತರ ಕೊಡಲೇಬೇಕಾದ ಮಾತೂ ಆಗುತ್ತಿತ್ತು.

ಅದೇ ಪ್ರಬಂಧದ ಕೊನೆಯಲ್ಲಿ ‘ಸರ್ಕಾರ ಒಂದು ಕಾನೂನು ಮಾಡಿ ಕನ್ನಡ ಮಾಧ್ಯಮವನ್ನು ಕಡ್ಡಾಯ ಮಾಡಲಿ’ ಎಂದಿದ್ದೀರಿ. ಈ ಜಗಳ ನಿಮಗಿಂತ ಹಿರಿದು. 1981ರಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕೆಂದ ಗೋಕಾಕ್ ವರದಿ ಬಂತು, ಮರುವರ್ಷ ಚಳವಳಿ ನಾಡನ್ನೆಲ್ಲ ಆವರಿಸಿತು. 1994ರಲ್ಲಿ ಸರ್ಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಎಂದು ಆದೇಶ ಮಾಡಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾತೃಭಾಷಾ ಮಾಧ್ಯಮವನ್ನು ಹೇರಲು ಸರ್ಕಾರಕ್ಕೆ ಅಧಿಕಾರವಿಲ್ಲವೆಂದು ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ತೀರ್ಪು ತಪ್ಪೆಂದು ಬೇಕಾದರೆ ವಾದಿಸಿ, ನನ್ನ ಅಭ್ಯಂತರವಿಲ್ಲ. ಆದರೆ ಅದು ಬಂದೇ ಇಲ್ಲವೆಂಬಂತೆ ಬರೆದರೆ ತಿಳಿದ ಓದುಗ ಅಲ್ಲಿಗೇ ಪುಟ ಮಗುಚುತ್ತಾನೆ.

ಇನ್ನು ಹೆದರಿಕೆಯ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹಿಂದಿನ ತರಗತಿಯಲ್ಲೇ ಉಳಿಸಬಾರದು ಎಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಉಳಿಸಿಕೊಳ್ಳಲು ದಾರಿ ಬಿಟ್ಟಿತು. ನೀವು ಈ ತಿದ್ದುಪಡಿಯನ್ನು ಮೆಚ್ಚಿದ್ದೀರಿ, ನಾನು ಮೆಚ್ಚುವುದಿಲ್ಲ. ಫೇಲಾದ ಕೂಲಿಕಾರರ ಮಗ ಮತ್ತೆ ಅದೇ ಬೆಂಚಿನ ಮೇಲೆ ಕೂರುವುದಕ್ಕಿಂತ ಮೆಣಸು ಬಿಡಿಸಲು ಹೋಗುವ ಸಂಭವವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ನೀವು ಒಪ್ಪಬೇಕಿಲ್ಲ. ಆದರೆ ಅದೇ ಕಾಯ್ದೆಯ ಅನುಸೂಚಿಯಲ್ಲಿ, ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು ಎಂದೂ ಇದೆ. ನಮ್ಮ ಮಲೆನಾಡಿನ ಏಕೋಪಾಧ್ಯಾಯ ಶಾಲೆಗಳಲ್ಲಿ ಒಬ್ಬರೇ ಐದು ತರಗತಿಗೂ ಪಾಠ ಹೇಳಿ, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ ಬರೆದು, ತಾಲ್ಲೂಕು ಕಚೇರಿಯ ಸಭೆಗೂ ಓಡಬೇಕು. ಉದಾಸೀನದ ಶಿಕ್ಷಕರು ಇಲ್ಲವೇ ಇಲ್ಲವೆಂದಲ್ಲ. ಆದರೆ ಉದಾಸೀನ ಯಾವುದು, ದಣಿವು ಯಾವುದು ಎಂದು ಬೇರ್ಪಡಿಸುವಷ್ಟು ಹೊತ್ತು ನೀವು ಆ ಕೊಠಡಿಯಲ್ಲಿ ಕುಳಿತಿರಬೇಕಿತ್ತು.

ಕುಳಿತಿದ್ದರೆ ಮತ್ತೊಂದೂ ಕಾಣುತ್ತಿತ್ತು. ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಇದೆ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಸೇರಿ ಕಟ್ಟಿದ ಪದ್ಧತಿ ಅದು. ಗೋಡೆಯ ಮೇಲೆ ಕಲಿಕಾ ಏಣಿ. ಮಗು ಎದ್ದು ಹೋಗಿ, ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಬೆರಳಿಟ್ಟು ನೋಡಿ, ಅಲ್ಲಿರುವ ಚಿತ್ರದ ಗುರುತಿನ ಕಾರ್ಡನ್ನೇ ಹುಡುಕಿ ತಂದು ತನ್ನ ತಟ್ಟೆಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಕುಳಿತುಕೊಳ್ಳುತ್ತದೆ. ಗೊತ್ತಾಗದಿದ್ದರೆ ಪಕ್ಕದವಳನ್ನು ಕೇಳುತ್ತದೆ. ಕಾರ್ಡು ಮುಗಿಸಿದ ಮೇಲೆ ಮುಂದಿನ ಮೆಟ್ಟಿಲಿಗೆ ಹೋಗುವ ಆತುರ ನೋಡಬೇಕು! ಎದುರಿಗೆ ಬೆತ್ತವಿಲ್ಲ, ಪರೀಕ್ಷೆಯಿಲ್ಲ. ಹೆದರಿಕೆಯಿಲ್ಲದೆ ಕಲಿಯುವುದಿಲ್ಲ ಎಂಬ ನಿಮ್ಮ ಸಿದ್ಧಾಂತ ಆ ಮಗುವಿನ ಬಗ್ಗೆ ಏನು ಹೇಳುತ್ತದೆ? ನಲಿ-ಕಲಿಯಲ್ಲೂ ಕೊರತೆಗಳಿವೆ, ಓದು ಬರಹ ಸರಿಯಾಗಿ ಬಾರದೆ ನಾಲ್ಕನೆಯ ತರಗತಿಗೆ ಬರುವ ಮಕ್ಕಳಿದ್ದಾರೆ. ಅದನ್ನೂ ಬರೆಯಿರಿ. ನಿಮ್ಮ ಸಿದ್ಧಾಂತಕ್ಕೆ ಒಗ್ಗದ ಮಗುವನ್ನು ಮಾತ್ರ ಪುಟದಿಂದ ಹೊರಗೆ ಹಾಕಬೇಡಿ.

ಇಷ್ಟು ಓದಿ ನೀವು ಮೆತ್ತಗಾಗಿಬಿಟ್ಟರೆ ಎಂಬ ಆತಂಕವೂ ನನಗಿದೆ. ಪರಿಸ್ಥಿತಿಯನ್ನು ಅರಿಯಲು ಹೊರಟ ಎಷ್ಟೋ ಜನ ಕೊನೆಗೆ ‘ಎಲ್ಲರದ್ದೂ ಅವರವರ ದೃಷ್ಟಿಯಲ್ಲಿ ಸರಿ’ ಎಂದು ಕೈತೊಳೆದುಕೊಂಡಿದ್ದಾರೆ. ಅಂಥ ಬರಹ ನನಗೆ ನಿಮ್ಮ ಕೋಪಕ್ಕಿಂತ ಹೆಚ್ಚು ಬೇಸರ ತರುತ್ತದೆ. ತೋಟದ ತಾಯಿಗೆ ರಿಯಾಯಿತಿ ಕೊಡಿ. ಕನ್ನಡದ ವೇದಿಕೆಯಲ್ಲಿ ಕಣ್ಣೀರು ಹಾಕಿ, ಹಣವೂ ಸಮಯವೂ ಇದ್ದು, ಊರಿನ ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಗೆ ಒಂದು ದಿನವೂ ಬಾರದವರಿಗೆ ಕೊಡಬೇಡಿ. ಆಯ್ಕೆ ಇದ್ದವರನ್ನೂ ಇಲ್ಲದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈದದ್ದೇ ನಿಮ್ಮ ಪ್ರಬಂಧದ ಅನ್ಯಾಯ.

ಇಂಗ್ಲಿಷ್ ಮಾಧ್ಯಮದ ಪ್ರಬಂಧವನ್ನು ಮೊದಲು ತಿದ್ದಿ, ಉಳಿದವು ಕಾಯಲಿ. ಡಿಸೆಂಬರಿನಲ್ಲಿ ಕೊಯ್ಲು ನಡೆಯುವಾಗ ಬನ್ನಿ. ಹಿಂದಿನ ದಿನವೇ ಬಂದು ನಮ್ಮಲ್ಲೇ ಉಳಿಯಿರಿ. ಹಾಸನದಿಂದ ಬೆಳಗಿನ ಬಸ್ಸು ಹಿಡಿದರೆ ನೀವು ತಲುಪುವಷ್ಟರಲ್ಲಿ ವ್ಯಾನ್ ಹೋಗಿಬಿಟ್ಟಿರುತ್ತದೆ. ಹೊಸ ಕರಡು ಸಿದ್ಧವಾದಾಗ ನನಗೆ ಕಳುಹಿಸುವ ಮುನ್ನ ಆ ಲೈನಿನ ತಾಯಂದಿರಲ್ಲಿ ಒಬ್ಬರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ತಡೆದು ಮಾತಾಡಿದರೆಂದು ಅಂಚಿನಲ್ಲಿ ಗುರುತು ಹಾಕಿ ತನ್ನಿ.

ನಿಮ್ಮ ಹಿತೈಷಿ