ಮುದಿ ಎತ್ತಿನ ಮೇವಿನ ದುಡ್ಡು ರೈತನ ಕೈಗೆ ಬರಲಿ

ಸಂಪಾದಕರಿಗೆ ನಮಸ್ಕಾರ.

ನಾನು ಶಿಗ್ಗಾವಿ ತಾಲ್ಲೂಕಿನ ರೈತ. ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಬಗ್ಗೆ ಓದುವುದೆಲ್ಲ ಬರೀ ಪಕ್ಷ, ಜಾತಿ, ಟಿಕೆಟ್ ಯಾರಿಗೆ ಅನ್ನೋದೇ. ಅವರು ಮಾಡಿದ ಕೆಲಸ, ತಂದ ಕಾನೂನು ನಮ್ಮ ಹೊಲ-ಮನೆಗೆ ಹೇಗೆ ಮುಟ್ಟಿತು ಅಂತ ಯಾರಾದರೂ ಬರೀಬೇಕು ಅಲ್ವಾ?

2008ರಲ್ಲಿ ಅವರು ಬಿಜೆಪಿ ಸೇರಿದಾಗ ನಮ್ಮಪ್ಪ ಬಹಳ ಬೇಜಾರು ಮಾಡಿಕೊಂಡಿದ್ದರು. ಜನತಾ ಪರಿವಾರದಿಂದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಮಗ ಆ ಪರಿವಾರ ಬಿಡುವುದಾ ಅಂತ. ಆದರೂ ನಮ್ಮ ಶಿಗ್ಗಾವಿ ಕ್ಷೇತ್ರ ಅವರನ್ನು ಕೈಬಿಡಲಿಲ್ಲ, 2008ರಿಂದ 2023ರವರೆಗೆ ನಾಲ್ಕು ಸಲ ಗೆಲ್ಲಿಸಿತು. 2021ರ ಜುಲೈ 28ರಂದು ಮುಖ್ಯಮಂತ್ರಿಯಾದ ದಿನವೇ ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ ಘೋಷಿಸಿದರು. ಅದೇ ರೈತ ವಿದ್ಯಾನಿಧಿ. ನನ್ನ ಮಗಳು ಆಗ ಬಿ.ಎ. ಓದುತ್ತಿದ್ದಳು. 5,500 ರೂಪಾಯಿ ಜಮೆ ಆದ ಮೆಸೇಜ್ ಬಂದಾಗ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಮೊಬೈಲ್ ತೋರಿಸಿದಳು. ಯಾರ ಕೈಕಾಲು ಹಿಡಿಯದೆ ನೇರವಾಗಿ ಖಾತೆಗೆ ಬಂದ ದುಡ್ಡು ಅದು. ಅದನ್ನು ನಾನು ಮರೆಯುವುದಿಲ್ಲ.

ಈಗ ದನದ ಮಾತು. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದಾಗ ಅವರು ಗೃಹ ಮಂತ್ರಿ. ಆಕಳು, ಹೋರಿ, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ, ಎಮ್ಮೆ-ಕೋಣ ಆದರೆ 13 ವರ್ಷ ದಾಟಿರಬೇಕು. ನನಗೂ ಎತ್ತನ್ನು ಕಟುಕರಿಗೆ ಕೊಡಲು ಮನಸ್ಸಿಲ್ಲ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ, ಹೋಳಿಗೆ ತಿನ್ನಿಸಿದ ಜೀವ ಅದು. ಆದರೆ ಹಲ್ಲು ಬಿದ್ದ ಎತ್ತಿಗೆ ಗೋವಿನಜೋಳದ ದಂಟು ಅಗಿಯಲಿಕ್ಕೆ ಆಗುವುದಿಲ್ಲ. ನುಚ್ಚು, ಹಿಂಡಿ ನೆನೆಸಿ ಇಡಬೇಕು. ಹೆಗಲು ಬಾತಿದ್ದಕ್ಕೆ ಔಷಧಿ ಬೇಕು. ಗಳೇ ಹೊಡೆಯದ, ಅಂದರೆ ಹೊಲ ಉಳದ ಎತ್ತನ್ನು ಸಾಕುತ್ತಾ, ಹೊಸ ಜೋಡಿಗೆ ದುಡ್ಡು ಎಲ್ಲಿಂದ ತರುವುದು? ಮೊದಲು ಹಳೇ ಎತ್ತು ಮಾರಿದ ದುಡ್ಡಿಗೆ ಒಂದಿಷ್ಟು ಸೇರಿಸಿ ಹೊಸದು ತರುತ್ತಿದ್ದೆವು.

ಇದಕ್ಕೆ ದಾರಿ ಅವರೇ ಹಾಕಿಟ್ಟಿದ್ದಾರೆ ಅಂತ ನನ್ನ ಲೆಕ್ಕ. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ತಂದರು. ಗೋಶಾಲೆಯ ಒಂದು ದನಕ್ಕೆ ವರ್ಷಕ್ಕೆ 11,000 ರೂಪಾಯಿ ಕೊಟ್ಟು ಯಾರು ಬೇಕಾದರೂ ದತ್ತು ತಗೋಬಹುದು ಅಂತ ಆಗ ಮಾಡಿದರು. ಒಳ್ಳೇದೇ. ಅದೇ ದುಡ್ಡು ಮುದಿ ಎತ್ತನ್ನು ಮನೆಯಲ್ಲೇ ಇಟ್ಟುಕೊಂಡ ರೈತನಿಗೂ ಯಾಕೆ ಸಿಗಬಾರದು? ದನದ ಡಾಕ್ಟರು ಬಂದು ನೋಡಲಿ, ಕಿವಿಗೆ ಗುರುತಿನ ಓಲೆ ಹಾಕಲಿ, ವರ್ಷಕ್ಕೊಮ್ಮೆ ಇದೆಯೋ ಇಲ್ಲವೋ ಅಂತ ಎಣಿಸಲಿ. ವಿದ್ಯಾನಿಧಿ ದುಡ್ಡು ಬಂದ ಖಾತೆಗಳು ಹಾಗೇ ಇವೆ.

ಬೊಮ್ಮಾಯಿ ಅವರು ಈಗ ಹಾವೇರಿ ಸಂಸದರು. ರಾಜ್ಯದಲ್ಲಿ ಅವರ ಪಕ್ಷದ ಸರ್ಕಾರ ಇಲ್ಲ, ಗೊತ್ತು. ಆದರೂ ಕಾನೂನು ತಂದ ಸರ್ಕಾರದಲ್ಲಿ ಇದ್ದವರು ಕೇಳಿದರೆ ಮಾತಿಗೆ ತೂಕ ಜಾಸ್ತಿ. ಬರುವ ಕಾರಹುಣ್ಣಿಮೆಯೊಳಗೆ ಒಮ್ಮೆ ಸಂಸತ್ತಿನಲ್ಲಿ ಈ ವಿಷಯ ಎತ್ತಿ ಅಂತ ನಿಮ್ಮ ಪತ್ರಿಕೆಯ ಮೂಲಕ ಅವರನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ರೈತ, ಶಿಗ್ಗಾವಿ ತಾಲ್ಲೂಕು, ಹಾವೇರಿ ಜಿಲ್ಲೆ